ಹೆಲ್ಮೆಟ್ಟಿನೊಳಗಿನ ಆಡಿಬಲ್ ಆಲ್ಟಿಮೀಟರ್ ಕಿವಿಗೆ ಬೀಳುವಂತೆ ಮಾಡಿಕೊಳ್ಳುವ ಬಗೆ

ವಿಮಾನದಿಂದ ಜಿಗಿಯುವ ಸ್ಕೈಡೈವರ್‌ಗಳಿಗೆ ಎತ್ತರವನ್ನು ದನಿಯಿಂದ ತಿಳಿಸುವ ಸಾಧನ ಆಡಿಬಲ್ ಆಲ್ಟಿಮೀಟರ್. ಕೋಣೆಯಲ್ಲಿ ಕುಳಿತು ಪರೀಕ್ಷಿಸುವಾಗ ಅದರ ಕೀರಲು ದನಿ ಕಿವಿ ಚುಚ್ಚುವಷ್ಟು ಜೋರಾಗಿರುತ್ತದೆ. ಅದೇ ಸಾಧನ ಫ್ರೀಫಾಲ್‌ನಲ್ಲಿ, ಅಂದರೆ ಪ್ಯಾರಾಚೂಟ್ ತೆರೆಯುವ ಮುನ್ನ ಬೀಳುತ್ತಿರುವಾಗ, ಕೂಗಿತೋ ಇಲ್ಲವೋ ಎಂಬುದೇ ತಿಳಿಯದೆ ಜಿಗಿತ ಮುಗಿದುಹೋಗುವುದುಂಟು. ಹೀಗಾದಾಗ ಹೆಚ್ಚಿನವರು ಮೊದಲು ವಾಲ್ಯೂಮ್ ಏರಿಸುತ್ತಾರೆ, ಅದೂ ಸಾಲದಾದಾಗ ಹೊಸ ಸಾಧನ ಕೊಳ್ಳಲು ಹೊರಡುತ್ತಾರೆ. ಇವೆರಡೂ ಕೊನೆಯಲ್ಲಿ ಮಾಡಬೇಕಾದ ಕೆಲಸಗಳೆಂದು ನಾನು ಅನುಭವದಿಂದ ಕಲಿತಿದ್ದೇನೆ. ಸಾಧನವು ಕಿವಿಯಿಂದ ಎಷ್ಟು ದೂರದಲ್ಲಿದೆ, ಅದರ ದನಿ ಹೊರಡುವ ಮುಖ ಯಾವ ಕಡೆಗಿದೆ, ಹೆಲ್ಮೆಟ್ ತಲೆಗೆ ಹೇಗೆ ಕುಳಿತಿದೆ ಎಂಬುದನ್ನು ಸರಿಪಡಿಸಿಕೊಂಡರೆ ಬಹುಪಾಲು ತೊಂದರೆ ನೆಲದ ಮೇಲೆಯೇ ನಿವಾರಣೆಯಾಗುತ್ತದೆ.

ಈ ಸಾಧನ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಒಳಗಿರುವ ಒತ್ತಡ ಸಂವೇದಕವು ವಾಯುಭಾರವನ್ನು ಅಳೆದು, ನೆಲದ ಒತ್ತಡವನ್ನು ಸೊನ್ನೆಯೆಂದು ಇಟ್ಟುಕೊಂಡು, ಅಲ್ಲಿಂದ ಎಷ್ಟು ಮೇಲಿದ್ದೇವೆ ಎಂಬುದನ್ನು ಲೆಕ್ಕ ಹಾಕುತ್ತದೆ. ನಾವು ಮೊದಲೇ ಹೊಂದಿಸಿಟ್ಟ ಎತ್ತರಗಳನ್ನು ಬೀಳುವ ವೇಗದಲ್ಲಿ ದಾಟಿದಾಗ ಒಂದೊಂದಕ್ಕೂ ಬೇರೆ ಬೇರೆ ಬಗೆಯ ಎಚ್ಚರಿಕೆ ಹೊರಡಿಸುತ್ತದೆ. ಉದಾಹರಣೆಗೆ ಮೊದಲನೆಯ ಎಚ್ಚರಿಕೆಯನ್ನು, ಒಟ್ಟಿಗೆ ಜಿಗಿದ ಗುಂಪು ಪ್ಯಾರಾಚೂಟ್ ತೆರೆಯಲು ಜಾಗ ಸಿಗುವಂತೆ ತಿರುಗಿ ಚದುರಬೇಕಾದ 5,500 ಅಡಿಗೆ, ಎರಡನೆಯದನ್ನು ಪ್ಯಾರಾಚೂಟ್ ತೆರೆಯಬೇಕಾದ 4,000 ಅಡಿಗೆ, ಮೂರನೆಯದನ್ನು 2,500 ಅಡಿಗೆ ಇಟ್ಟುಕೊಳ್ಳಬಹುದು. ಈ ಮೂರನೆಯ ಅಂಕಿ ಸುಮ್ಮನೆ ಆರಿಸಿದ್ದಲ್ಲ. ಅಮೆರಿಕದ ಯುನೈಟೆಡ್ ಸ್ಟೇಟ್ಸ್ ಪ್ಯಾರಾಚೂಟ್ ಅಸೋಸಿಯೇಷನ್ ಅತ್ಯಂತ ಅನುಭವಿಗಳಾದ ಸಿ ಮತ್ತು ಡಿ ಪರವಾನಗಿದಾರರಿಗೂ ಪ್ಯಾರಾಚೂಟ್ ತೆರೆಯುವ ಕನಿಷ್ಠ ಎತ್ತರವನ್ನು 2013ರಲ್ಲಿ 2,000 ಅಡಿಯಿಂದ 2,500 ಅಡಿಗೆ ಏರಿಸಿತು. ಆದ್ದರಿಂದ ಮೂರನೆಯ ಎಚ್ಚರಿಕೆ ಕೇಳಿಸುವ ಹೊತ್ತಿಗೂ ನೀವು ಬೀಳುತ್ತಲೇ ಇದ್ದೀರೆಂದರೆ ಎಲ್ಲೋ ತಪ್ಪಾಗಿದೆ ಎಂದೇ ಅರ್ಥ.

ಹೊಟ್ಟೆ ಕೆಳಗಾಗಿ ಬೀಳುವವರ ವೇಗ ಗಂಟೆಗೆ ಸುಮಾರು 195 ಕಿಲೋಮೀಟರ್. ಆ ವೇಗದಲ್ಲಿ ಸಾವಿರ ಅಡಿ ಕರಗಲು ಐದೂವರೆ ಸೆಕೆಂಡಿನಷ್ಟು ಹೊತ್ತು ಸಾಕು. 5,500 ಅಡಿಯಿಂದ 2,500 ಅಡಿಗೆ ಇಳಿಯಲು ಹದಿನೇಳು ಸೆಕೆಂಡ್ ಸಾಕು. ಕೆಲವೇ ಸೆಕೆಂಡುಗಳ ಕಾಲ ಕೂಗಿ ಸುಮ್ಮನಾಗುವ ಒಂದು ಎಚ್ಚರಿಕೆ ಕಿವಿತಪ್ಪಿದರೆ ಕಳೆದುಕೊಳ್ಳುವುದು ಎಷ್ಟು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಮುಂದುವರಿಯುವ ಮುನ್ನ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆಡಿಬಲ್ ಎಂಬುದು ಎರಡನೆಯ ಸಾಕ್ಷಿ. ಮೊದಲನೆಯ ಸಾಕ್ಷಿ ಮಣಿಕಟ್ಟಿನ ಮೇಲಿನ, ಕಣ್ಣಿಗೆ ಕಾಣುವ ಎತ್ತರಮಾಪಕ. ಆಡಿಬಲ್ ಪ್ಯಾರಾಚೂಟನ್ನು ತೆರೆಯುವುದಿಲ್ಲ. ತಾನಾಗಿಯೇ ಮೀಸಲು ಪ್ಯಾರಾಚೂಟ್ ತೆರೆಯುವ ಎಎಡಿ ಸಾಧನ ಬೇರೆಯೇ ಇದೆ, ಅದು ಕೆಲಸ ಮಾಡುವುದೂ ಕಟ್ಟಕಡೆಯ ಗಳಿಗೆಯಲ್ಲಿ. ಸೈಪ್ರೆಸ್ ಎಂಬ ಎಎಡಿಯ ಎಕ್ಸ್‌ಪರ್ಟ್ ಮಾದರಿಯಲ್ಲಿ ಆ ಎತ್ತರ ಸುಮಾರು 750 ಅಡಿ. ದನಿ ಕೇಳಿಸಿತೆಂದರೆ ಎತ್ತರ ಮುಟ್ಟಿದೆ ಎಂದು ತಿಳಿಯಬಹುದು, ಆದರೆ ಕೇಳಿಸಲಿಲ್ಲವೆಂದ ಮಾತ್ರಕ್ಕೆ ಇನ್ನೂ ಎತ್ತರವಿದೆ ಎಂದು ಎಂದಿಗೂ ತಿಳಿಯಕೂಡದು. ಕೆಳಗೆ ಹೇಳುವ ಪ್ರತಿಯೊಂದು ಸಲಹೆಯೂ ಈ ನಿಯಮಕ್ಕೆ ಅಧೀನವಾದದ್ದು.

ಗಾಳಿ ದನಿಯನ್ನು ನುಂಗುವ ರೀತಿ

ಹೆಲ್ಮೆಟ್ಟಿನ ಅಂಚು, ಗಲ್ಲಪಟ್ಟಿ, ಕಿವಿಯ ಬಳಿಯ ತೆರವುಗಳಲ್ಲಿ ಗಾಳಿ ಒಡೆದು ಸುಳಿಯಾಗುವುದರಿಂದ ಫ್ರೀಫಾಲ್‌ನ ಅಬ್ಬರ ಹುಟ್ಟುತ್ತದೆ. ಅದರ ಬಲವೆಲ್ಲ ಮುಖ್ಯವಾಗಿ ಮಂದ್ರದಲ್ಲಿದೆ, ಆಡಿಬಲ್ಲಿನ ದನಿ ತಾರದಲ್ಲಿದೆ. ಸ್ಥಾಯಿ ಬೇರೆಯಾದ ಮೇಲೆ ಒಂದನ್ನೊಂದು ಮುಚ್ಚಲಾರವು ಎಂದು ಅನ್ನಿಸುವುದು ಸಹಜ. ಆದರೆ ನಮ್ಮ ಒಳಗಿವಿಯ ಸ್ವಭಾವ ಬೇರೆ: ಜೋರಾದ ಮಂದ್ರ ಶಬ್ದವು ತನಗಿಂತ ಮೇಲಿನ ಸ್ಥಾಯಿಯ ಶಬ್ದವನ್ನು ಮರೆಮಾಡುವಷ್ಟು ಸುಲಭವಾಗಿ ಮೇಲಿನದು ಕೆಳಗಿನದನ್ನು ಮರೆಮಾಡುವುದಿಲ್ಲ. ಹೀಗಾಗಿ ಭೋರ್ಗರೆವ ಗಾಳಿಯಡಿಯಲ್ಲಿ ಸಣ್ಣ ಬೀಪ್ ಸುಲಭವಾಗಿ ಹೂತುಹೋಗುತ್ತದೆ.

ಇದನ್ನು ಮೀರಲು ಇರುವ ಅತ್ಯಂತ ಅಗ್ಗದ ಉಪಾಯ ದೂರವನ್ನು ಕಡಿಮೆ ಮಾಡುವುದು. ತೆರೆದ ಜಾಗದಲ್ಲಿ ಶಬ್ದದ ಮೂಲದಿಂದ ದೂರ ಇಮ್ಮಡಿಯಾದಾಗಲೆಲ್ಲ ಶಬ್ದಮಟ್ಟ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಹೆಲ್ಮೆಟ್ಟಿನ ಒಳಗೆ ಮೆತ್ತೆ, ಚಿಪ್ಪು, ತಲೆಬುರುಡೆ ಎಲ್ಲವೂ ನಡುವೆ ಬರುವುದರಿಂದ ಲೆಕ್ಕ ಇಷ್ಟು ನೇರವಾಗಿರುವುದಿಲ್ಲ. ಆದರೂ ಕಿವಿಯ ರಂಧ್ರದಿಂದ ಎರಡು ಸೆಂಟಿಮೀಟರಿನಲ್ಲಿ ಇರಬೇಕಾದ ಸಾಧನ ಜಾರಿ ಕೆನ್ನೆಯ ಕಡೆಗೋ ನೆತ್ತಿಯ ಕಡೆಗೋ ಏಳೆಂಟು ಸೆಂಟಿಮೀಟರ್ ಸರಿದರೆ ಅದರ ಪೆಟ್ಟು ದೊಡ್ಡದು. ನಡುವೆ ದಪ್ಪ ಸ್ಪಂಜೊಂದು ಬಂದರೆ ನಷ್ಟ ಇನ್ನಷ್ಟು ಹೆಚ್ಚುತ್ತದೆ, ಏಕೆಂದರೆ ಸ್ಪಂಜು ಮೊದಲು ಹೀರುವುದು ತಾರಸ್ಥಾಯಿಯನ್ನೇ.

ಸಾಧನವನ್ನು ಕೂರಿಸುವುದು

ಮೊದಲು ಸಾಧನವನ್ನು ಕೈಯಲ್ಲಿ ಹಿಡಿದು ದನಿ ಯಾವ ಕಡೆಯಿಂದ ಹೊರಡುತ್ತದೆ ಎಂಬುದನ್ನು ಗುರುತಿಸಬೇಕು. ಕೆಲವು ಮಾದರಿಗಳಲ್ಲಿ ಸಣ್ಣ ರಂಧ್ರಗಳು ಕಣ್ಣಿಗೆ ಕಾಣುತ್ತವೆ. ಕಾಣದಿದ್ದರೆ ಪರೀಕ್ಷಾ ದನಿಯನ್ನು ಹೊರಡಿಸಿ, ಬೆರಳಿನಿಂದ ಒಂದೊಂದು ಮುಖವನ್ನೂ ಮುಚ್ಚಿ ನೋಡಿದರೆ ಯಾವುದನ್ನು ಮುಚ್ಚಿದಾಗ ದನಿ ಕುಗ್ಗುತ್ತದೆ ಎಂಬುದು ತಿಳಿಯುತ್ತದೆ. ಆ ಮುಖದ ಮೇಲೆ, ರಂಧ್ರಕ್ಕೆ ತಾಗದಂತೆ, ಉಗುರುಬಣ್ಣದ ಒಂದು ಚುಕ್ಕೆ ಇಡಿ. ಚುಕ್ಕೆ ಯಾವಾಗಲೂ ಕಿವಿಯ ಕಡೆಗಿರಬೇಕು.

ಈ ಚುಕ್ಕೆಯ ಬೆಲೆ ನನಗೆ ತಿಳಿದದ್ದು ಒಂದು ಸಂಜೆಯ ಆತುರದಿಂದ. ಬ್ಯಾಟರಿ ಬದಲಿಸಿ, ಸಾಧನವನ್ನು ಹೆಲ್ಮೆಟ್ಟಿನ ಜೇಬಿಗೆ ತುರುಕಿ ಮಲಗಿದ್ದೆ. ಮರುದಿನದ ಮೊದಲ ಜಿಗಿತದಲ್ಲಿ ಎದುರಿಗಿದ್ದ ಗೆಳತಿ ಇದ್ದಕ್ಕಿದ್ದಂತೆ ತಿರುಗಿ ದೂರ ಸರಿಯತೊಡಗಿದಾಗ, ಅವಳಿಗೇನೋ ತೊಂದರೆಯಾಗಿದೆ ಎಂದು ಒಂದು ಕ್ಷಣ ಭಾವಿಸಿದೆ. ಮಣಿಕಟ್ಟು ನೋಡಿಕೊಂಡಾಗ ಮುಳ್ಳು 5,000 ಅಡಿಯನ್ನು ದಾಟಿ ಕೆಳಗಿತ್ತು. 5,500 ಅಡಿಯ ಎಚ್ಚರಿಕೆ ಆಗಲೇ ಕೂಗಿ ಮುಗಿಸಿತ್ತು. ಇಳಿದ ಮೇಲೆ ಜೇಬು ತೆರೆದು ನೋಡಿದರೆ ದನಿಯ ರಂಧ್ರ ಹೆಲ್ಮೆಟ್ಟಿನ ಚಿಪ್ಪಿನ ಕಡೆಗೆ ಮುಖಮಾಡಿ ಕುಳಿತಿತ್ತು. ಬ್ಯಾಟರಿ ಹೊಸದು, ವಾಲ್ಯೂಮ್ ಪೂರ್ತಿ, ಸಾಧನದಲ್ಲಿ ಯಾವ ದೋಷವೂ ಇಲ್ಲ, ತಿರುಗುಮುರುಗಾಗಿತ್ತು, ಅಷ್ಟೆ. ಅಂದಿನಿಂದ ನಾನು ಜೇಬಿಗೆ ಕೈಹಾಕಿ ಚುಕ್ಕೆಯನ್ನು ನೋಡದೆ ವಿಮಾನದ ಕಡೆ ಹೆಜ್ಜೆ ಇಡುವುದಿಲ್ಲ.

ಮುಖ ಸರಿಯಾದ ಮೇಲೆ ಸ್ಥಾನ. ಹೆಲ್ಮೆಟ್ ಧರಿಸಿ ಗಲ್ಲಪಟ್ಟಿಯನ್ನು ಜಿಗಿತಕ್ಕೆ ಬಿಗಿಯುವಷ್ಟೇ ಬಿಗಿದು, ಒಂದು ಬೆರಳನ್ನು ಅಂಚಿನಿಂದ ಒಳಗೆ ತೂರಿಸಿ ನಿಮ್ಮ ಕಿವಿಯ ರಂಧ್ರ ಎಲ್ಲಿದೆ, ಸಾಧನದ ನಡುಭಾಗ ಎಲ್ಲಿದೆ ಎಂದು ತಡವಿ ನೋಡಿ. ಜೇಬಿನ ಜಾಗವನ್ನು ತಯಾರಕರು ಸರಾಸರಿ ತಲೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಗೊತ್ತುಮಾಡಿರುತ್ತಾರೆ, ಎಲ್ಲರ ಕಿವಿಯೂ ಅಲ್ಲಿಗೆ ಹೊಂದಬೇಕೆಂದಿಲ್ಲ. ಸಾಧನ ಮೇಲಿದ್ದರೆ ಜೇಬಿನ ಮೇಲ್ಭಾಗದಲ್ಲಿ, ಹಿಂದಕ್ಕಿದ್ದರೆ ಹಿಂಭಾಗದಲ್ಲಿ ಸಣ್ಣ ಸ್ಪಂಜಿನ ತುಂಡಿಟ್ಟು ಅದನ್ನು ಕಿವಿಯ ನೇರಕ್ಕೆ ತಳ್ಳಬಹುದು. ಸ್ಪಂಜು ಯಾವಾಗಲೂ ಸಾಧನದ ಬೆನ್ನಿಗೆ ಮತ್ತು ಪಕ್ಕಕ್ಕೆ ಇರಲಿ. ಅದರ ಬಾಯಿಗೂ ಕಿವಿಗೂ ನಡುವೆ ಜೇಬಿನ ತೆಳುಬಟ್ಟೆಯ ಹೊರತು ಬೇರೇನೂ ಬರಬಾರದು. ಉದ್ದ ಕೂದಲಿದ್ದವರು ಅದನ್ನು ಕಿವಿಯ ಹಿಂದಕ್ಕೆ ಕಟ್ಟಿಕೊಳ್ಳಬೇಕು. ಚಳಿಗೆಂದು ಹೆಲ್ಮೆಟ್ಟಿನಡಿ ದಪ್ಪ ಟೋಪಿ ಹಾಕುವವರು ಆ ಟೋಪಿಯೊಂದಿಗೇ ಪರೀಕ್ಷೆ ಮಾಡಿಕೊಳ್ಳಬೇಕು. ಸಾಧನವನ್ನು ಬಿಗಿಯಾಗಿ ಕೂರಿಸುವ ಆಸೆಯಿಂದ ಅದಕ್ಕೆ ಟೇಪು ಸುತ್ತುವುದನ್ನು ನೋಡಿದ್ದೇನೆ. ಒತ್ತಡ ಅಳೆಯುವ ರಂಧ್ರ ಮುಚ್ಚಿದರೆ ದನಿ ಮಾತ್ರವಲ್ಲ, ಎತ್ತರದ ಲೆಕ್ಕವೂ ನಂಬಿಕೆಗೆ ಅರ್ಹವಾಗಿ ಉಳಿಯುವುದಿಲ್ಲ.

ಜೇಬೇ ಇಲ್ಲದ ಹೆಲ್ಮೆಟ್‌ಗಳಲ್ಲಿ ಸಾಧನವನ್ನು ಹೊರಗೆ ಕ್ಲಿಪ್ಪಿನಿಂದ ಕೂರಿಸುವ ರೂಢಿಯೂ ಇದೆ. ವಿಮಾನದಲ್ಲಿ ಕುಳಿತಾಗ ಅದನ್ನು ಸುಲಭವಾಗಿ ನೋಡಬಹುದು, ನಿಜ. ಕೇಳಿಸುವ ವಿಷಯದಲ್ಲಿ ಮಾತ್ರ ಅದು ಒಳಜೇಬಿಗೆ ಸಾಟಿಯಲ್ಲ.

ಹೆಲ್ಮೆಟ್ಟು

ಮುಖ ತೆರೆದ ಹೆಲ್ಮೆಟ್‌ಗಿಂತ ಪೂರ್ಣಮುಖದ ಹೆಲ್ಮೆಟ್ಟಿನಲ್ಲಿ ಗಾಳಿಯ ಸದ್ದು ಸಾಮಾನ್ಯವಾಗಿ ಕಡಿಮೆ. ಆದರೆ ಸಡಿಲವಾದ ಪೂರ್ಣಮುಖದ ಹೆಲ್ಮೆಟ್‌ಗಿಂತ ತಲೆಗೆ ಅಚ್ಚುಕಟ್ಟಾಗಿ ಕೂರುವ ತೆರೆದ ಹೆಲ್ಮೆಟ್ ವಾಸಿ. ಕಿವಿಯ ಸುತ್ತಲಿನ ಮೆತ್ತೆ ಚರ್ಮಕ್ಕೆ ಎಲ್ಲ ಕಡೆಯೂ ತಾಗಿರಬೇಕು; ತಲೆಯನ್ನು ಜೋರಾಗಿ ಅತ್ತಿತ್ತ ಆಡಿಸಿದಾಗ ಹೆಲ್ಮೆಟ್ ತಲೆಯ ಜೊತೆಗೇ ಚಲಿಸಬೇಕು. ಬಳಕೆಯಲ್ಲಿ ಮೆತ್ತೆ ತೆಳುವಾಗುತ್ತ ಹೋಗುವುದರಿಂದ, ಕೊಂಡ ಹೊಸತರಲ್ಲಿ ಚೆನ್ನಾಗಿ ಕೇಳಿಸುತ್ತಿದ್ದ ಆಡಿಬಲ್ ಒಂದೆರಡು ವರ್ಷದಲ್ಲಿ ಮಂಕಾಯಿತೆನ್ನಿಸಿದರೆ ಸಾಧನವನ್ನು ದೂರುವ ಮುನ್ನ ಮೆತ್ತೆಯನ್ನು ಒತ್ತಿ ನೋಡಿ. ವೈಸರ್ ಪೂರ್ತಿಯಾಗಿ ಕಚ್ಚಿಕೊಳ್ಳದೆ ಕೂದಲೆಳೆಯಷ್ಟು ತೆರೆದಿದ್ದರೂ ಗಾಳಿ ಸಿಳ್ಳೆ ಹೊಡೆಯತೊಡಗುತ್ತದೆ, ಮತ್ತು ಆ ಸಿಳ್ಳೆ ಆಡಿಬಲ್ಲಿನ ಸ್ಥಾಯಿಯ ಹತ್ತಿರಕ್ಕೇ ಬರುವುದರಿಂದ ಗೊಂದಲ ಹೆಚ್ಚು.

ದೇಹದ ಭಂಗಿಯನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಹೊಟ್ಟೆ ಕೆಳಗಾಗಿ ಬೀಳುವಾಗ ಸ್ಪಷ್ಟವಾಗಿ ಕೇಳಿಸುವ ದನಿ, ತಲೆಕೆಳಗಾಗಿ ಗಂಟೆಗೆ 250 ಕಿಲೋಮೀಟರ್ ದಾಟಿ ಇಳಿಯುವಾಗ ಕೇಳಿಸಬೇಕೆಂದಿಲ್ಲ. ವೇಗ ಹೆಚ್ಚಿದಂತೆ ಅಬ್ಬರ ಹೆಚ್ಚುತ್ತದೆ, ಗಾಳಿ ಹೆಲ್ಮೆಟ್‌ಗೆ ಬಡಿಯುವ ಕೋನವೂ ಬದಲಾಗುತ್ತದೆ, ಅದೇ ಹೊತ್ತಿಗೆ ಸಾವಿರ ಅಡಿ ಕರಗುವ ಕಾಲವೂ ನಾಲ್ಕು ಸೆಕೆಂಡಿನ ಆಸುಪಾಸಿಗೆ ಕುಗ್ಗುತ್ತದೆ. ಆದ್ದರಿಂದ ಹೊಸ ಭಂಗಿ ಕಲಿಯಲು ಹೊರಟವರು ಆಡಿಬಲ್ ಕೇಳಿಸುತ್ತದೆ ಎಂಬ ಹಳೆಯ ನಂಬಿಕೆಯನ್ನು ಹೊಸ ಭಂಗಿಗೆ ಹೊತ್ತೊಯ್ಯದೆ, ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು.

ಪರೀಕ್ಷೆ ಮಾಡುವ ಕ್ರಮ

ನೆಲದ ಮೇಲೆ ಫ್ರೀಫಾಲ್‌ನ ಅಬ್ಬರವನ್ನು ಪೂರ್ತಿಯಾಗಿ ಮರುಸೃಷ್ಟಿಸಲಾಗದು. ಆದರೂ ಹೆಲ್ಮೆಟ್ ಧರಿಸಿ, ಒಬ್ಬರಿಗೆ ಕೂದಲೊಣಗಿಸುವ ಯಂತ್ರವನ್ನು ಹೆಲ್ಮೆಟ್ಟಿನ ಅಂಚಿಗೆ ಹಿಡಿಯಲು ಹೇಳಿ ಪರೀಕ್ಷಾ ದನಿಯನ್ನು ಕೇಳಿದರೆ ದೊಡ್ಡ ದೋಷಗಳು ಸಿಕ್ಕಿಬೀಳುತ್ತವೆ. ಸಾಧನವನ್ನು ಒಂದೊಂದು ಸೆಂಟಿಮೀಟರ್ ಸರಿಸುತ್ತ, ತಿರುಗಿಸುತ್ತ ಹೋಲಿಸಿ ನೋಡಲು ಇದು ಬಹಳ ಒಳ್ಳೆಯ ವಿಧಾನ. ಅರ್ಧ ಗಂಟೆಯಲ್ಲಿ ನಿಮ್ಮ ತಲೆಗೆ, ನಿಮ್ಮ ಹೆಲ್ಮೆಟ್‌ಗೆ ಸರಿಹೊಂದುವ ಜಾಗ ಯಾವುದೆಂದು ಗೊತ್ತಾಗುತ್ತದೆ. ಕೆಳಗಿನಿಂದ ಜೋರಾಗಿ ಗಾಳಿ ಊದಿ ದೇಹವನ್ನು ತೇಲಿಸುವ ಗಾಳಿಸುರಂಗದಲ್ಲಿ ಹಾರುವ ಅವಕಾಶವಿದ್ದವರಿಗೆ ಅಬ್ಬರ ನಿಜವಾದದ್ದೇ ಸಿಗುತ್ತದೆ, ಆದರೆ ಅಲ್ಲಿ ಎತ್ತರ ಬದಲಾಗದ ಕಾರಣ ಸಾಧನ ತಾನಾಗಿ ಕೂಗುವುದಿಲ್ಲ ಎಂಬುದನ್ನು ಮರೆಯಬಾರದು.

ಕೊನೆಯ ಪರೀಕ್ಷೆ ಆಕಾಶದಲ್ಲೇ ಆಗಬೇಕು. ಅದಕ್ಕಾಗಿ ಬೇರೆ ಯಾವ ಉದ್ದೇಶವೂ ಇಲ್ಲದ ಸರಳ ಜಿಗಿತವೊಂದನ್ನು ಮೀಸಲಿಡಿ, ತರಬೇತುದಾರರ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಮೊದಲನೆಯ ಎಚ್ಚರಿಕೆಯನ್ನು ಎಂದಿಗಿಂತ ಮೇಲಕ್ಕೆ, 7,000 ಅಡಿಗೋ 6,500 ಅಡಿಗೋ ಇಟ್ಟುಕೊಂಡರೆ ನಿಧಾನವಾಗಿ ಕಿವಿಗೊಡಲು ಅವಕಾಶವಿರುತ್ತದೆ. ಕಣ್ಣನ್ನು ಮಣಿಕಟ್ಟಿನ ಮಾಪಕದ ಮೇಲಿಟ್ಟು, ಮುಳ್ಳು ಆ ಅಂಕಿಯನ್ನು ಸಮೀಪಿಸುವಾಗ ದನಿಗಾಗಿ ಕಾಯಿರಿ. ಮುಳ್ಳು ಅಂಕಿಗೆ ಬರುವ ಮುನ್ನವೋ ಬಂದ ಸ್ವಲ್ಪ ಹೊತ್ತಿಗೋ ದನಿ ಬಂದರೆ ಗಾಬರಿಯಾಗಬೇಕಿಲ್ಲ. ಎರಡು ಸಾಧನಗಳೂ ದೇಹದ ಬೇರೆ ಬೇರೆ ಭಾಗದಲ್ಲಿದ್ದು ಬೇರೆ ಬೇರೆ ಒತ್ತಡವನ್ನು ಅನುಭವಿಸುತ್ತಿರುತ್ತವೆ, ಅದರಲ್ಲೂ ಕೈ ದೇಹದ ಹಿಂದಿನ ಗಾಳಿಸುಳಿಗೆ ಸಿಕ್ಕಾಗ ವ್ಯತ್ಯಾಸ ದೊಡ್ಡದಾಗಬಹುದು. ಎಚ್ಚರಿಕೆ ಕೇಳಿಸಿತು ಎಂಬುದಷ್ಟೇ ಸಾಲದು. ಅದು ಮೊದಲನೆಯದೋ ಎರಡನೆಯದೋ ಎಂದು ದನಿಯ ಲಯದಿಂದಲೇ ಹೇಳಬಲ್ಲಿರಾ ಎಂಬುದನ್ನೂ ಗಮನಿಸಿ. ಮೂರು ದನಿಗಳಲ್ಲಿ ಎರಡು ಮಾತ್ರ ಕೇಳಿಸಿದ್ದರೆ, ಕೇಳಿಸಿದ್ದು ಯಾವ ಎರಡು ಎಂಬುದು ಜೀವದ ಪ್ರಶ್ನೆ.

ಕಿವಿಯ ಕಡೆಯಿಂದ

ಸುಮಾರು 4,000 ಮೀಟರ್ ಎತ್ತರದಲ್ಲಿ ವಾಯುಭಾರವು ಸಮುದ್ರಮಟ್ಟದ ಸುಮಾರು ಅರವತ್ತು ಪ್ರತಿಶತದಷ್ಟಿರುತ್ತದೆ. ಅಲ್ಲಿಂದ ಜಿಗಿದವರು ಸುಮಾರು ಒಂದು ನಿಮಿಷದಲ್ಲಿ ಪ್ಯಾರಾಚೂಟ್ ತೆರೆಯುವ ಎತ್ತರಕ್ಕೆ ಬಂದಿರುತ್ತಾರೆ. ಅಷ್ಟರಲ್ಲಿ ಹೊರಗಿನ ಒತ್ತಡ ಏರಿ ಕಿವಿಯ ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ನಾಳ ತೆರೆದು ಒತ್ತಡವನ್ನು ಸರಿದೂಗಿಸದಿದ್ದರೆ ಕಿವಿ ಕಟ್ಟಿಕೊಂಡು ಎಲ್ಲ ಶಬ್ದವೂ ಮಂಕಾಗುತ್ತದೆ. ಎಚ್ಚರಿಕೆಗಳು ಕೂಗುವುದು ಸರಿಯಾಗಿ ಈ ಹೊತ್ತಿನಲ್ಲೇ. ಉಗುಳು ನುಂಗುವುದು, ದವಡೆ ಆಡಿಸುವುದು, ಆಕಳಿಸುವುದು ಫ್ರೀಫಾಲ್‌ನಲ್ಲೂ ಸಾಧ್ಯ, ಅಭ್ಯಾಸ ಮಾಡಿಕೊಂಡರೆ ತಾನಾಗಿ ಬರುತ್ತದೆ. ನೆಗಡಿಯಾಗಿ ಮೂಗು ಕಟ್ಟಿದ್ದ ದಿನ ಜಿಗಿಯದಿರುವುದೇ ಸರಿ. ಅಂದು ಆಡಿಬಲ್ ಕೇಳಿಸದಿರುವುದು ಸಣ್ಣ ತೊಂದರೆ, ತಮಟೆಗೆ ಪೆಟ್ಟಾಗುವುದು ದೊಡ್ಡದು.

ವಿಮಾನ ಮೇಲೇರುವಾಗ ಹದಿನೈದು ಇಪ್ಪತ್ತು ನಿಮಿಷ ಎಂಜಿನ್ನಿನ ಸದ್ದಿನಲ್ಲಿ ಕುಳಿತ ಕಿವಿ ದಣಿದಿರುತ್ತದೆ, ಜೋರು ಶಬ್ದದ ನಂತರ ಶ್ರವಣಶಕ್ತಿ ಸ್ವಲ್ಪ ಹೊತ್ತು ಕುಂದುವುದು ಎಲ್ಲರಿಗೂ ಅನುಭವಕ್ಕೆ ಬರುವ ಸಂಗತಿ. ಏರುವಾಗ ಸ್ಪಂಜಿನ ಇಯರ್‌ಪ್ಲಗ್ ಹಾಕಿಕೊಳ್ಳುವುದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ಜಿಗಿಯುವ ಮುನ್ನ, ಸಲಕರಣೆಗಳ ಕೊನೆಯ ತಪಾಸಣೆಯ ಭಾಗವಾಗಿಯೇ, ಅದನ್ನು ತೆಗೆದುಬಿಡಬೇಕು. ಸ್ಪಂಜಿನ ಪ್ಲಗ್ ತಾರಸ್ಥಾಯಿಯನ್ನು ಮಂದ್ರಕ್ಕಿಂತ ಹೆಚ್ಚು ತಡೆಯುವುದರಿಂದ ಗಾಳಿಯ ಅಬ್ಬರಕ್ಕೆ ಹೋಲಿಸಿದರೆ ಬೀಪ್ ಮತ್ತಷ್ಟು ಕೆಳಗಿಳಿಯುತ್ತದೆ. ಬಿಗಿಯಾಗಿ ಮುಚ್ಚಿದ ಪ್ಲಗ್ಗಿನ ಹಿಂದೆ ಒತ್ತಡ ಸಿಕ್ಕಿಕೊಳ್ಳುವ ಅಪಾಯವೂ ಉಂಟು. ಫ್ರೀಫಾಲ್‌ನಲ್ಲೂ ಕಿವಿಗೆ ರಕ್ಷಣೆ ಬೇಕೆನ್ನುವವರು ಎಲ್ಲ ಸ್ಥಾಯಿಗಳನ್ನೂ ಸಮನಾಗಿ ಇಳಿಸುವ, ಗಾಳಿಗೆ ಸಣ್ಣ ದಾರಿಯಿರುವ, ಸಂಗೀತಗಾರರು ಬಳಸುವ ಬಗೆಯ ಪ್ಲಗ್ಗನ್ನು ಆರಿಸಿಕೊಂಡು, ಅದನ್ನು ಹಾಕಿಕೊಂಡೇ ಎಲ್ಲ ಪರೀಕ್ಷೆಗಳನ್ನೂ ಮಾಡಬೇಕು.

ವಯಸ್ಸಿನಿಂದ ಕುಂದುವ ಶ್ರವಣಶಕ್ತಿ ಮೊದಲು ತಾರಸ್ಥಾಯಿಯಲ್ಲಿ ಕುಂದುತ್ತದೆ. ದೀರ್ಘಕಾಲದ ಸದ್ದಿನಿಂದ ಆಗುವ ಹಾನಿ 4,000 ಹರ್ಟ್ಸ್ ಸುತ್ತ ಮೊದಲು ಕಾಣಿಸಿಕೊಳ್ಳುತ್ತದೆ. ಮಾತು ಚೆನ್ನಾಗಿ ಕೇಳಿಸುವವರಿಗೂ ಈ ಕೊರತೆ ಇರಬಹುದು, ಅವರ ಅರಿವಿಗೆ ಬಂದಿರುವುದಿಲ್ಲ. ಎರಡೂ ಕಿವಿಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿಕೊಂಡು, ಚೆನ್ನಾಗಿ ಕೇಳಿಸುವ ಕಿವಿಯ ಕಡೆಗೆ ಸಾಧನವನ್ನು ಇಟ್ಟುಕೊಳ್ಳಿ. ಎಷ್ಟೋ ಜನ ಹೆಲ್ಮೆಟ್ ಕೊಂಡಾಗ ಜೇಬು ಯಾವ ಕಡೆಗಿತ್ತೋ ಆ ಕಡೆಗೇ ಹಾಕಿಕೊಂಡು ವರ್ಷಗಟ್ಟಲೆ ಜಿಗಿಯುತ್ತಾರೆ.

ಇಷ್ಟೆಲ್ಲ ಆದ ಮೇಲೆ ವಾಲ್ಯೂಮ್ ಸರದಿ. ಕೇಳಿಸುವುದಕ್ಕೆ ಬೇಕಾದಷ್ಟೇ ಏರಿಸಿ. ಕಿವಿಗೆ ಅಂಟಿದಂತಿರುವ ಕೀರಲು ದನಿಯನ್ನು ದಿನಕ್ಕೆ ಹತ್ತು ಬಾರಿ ಪೂರ್ತಿ ಜೋರಿನಲ್ಲಿ ಕೇಳಿಸಿಕೊಳ್ಳುವುದು ಅದೇ ಕಿವಿಗೆ ಹಾನಿ. ಪೂರ್ತಿ ಏರಿಸಿದರೂ ಸಾಲದಿದ್ದರೆ ಎರಡನೆಯ ಕಿವಿಗೆ ಎರಡನೆಯ ಸಾಧನ ಹಾಕಿಕೊಳ್ಳುವುದು ಒಳ್ಳೆಯ ದಾರಿ. ಎರಡರ ಎಚ್ಚರಿಕೆಗಳನ್ನೂ ಒಂದೇ ಎತ್ತರಕ್ಕೆ ಇಡದೆ ಇನ್ನೂರು ಮುನ್ನೂರು ಅಡಿ ಅಂತರದಲ್ಲಿ ಇಟ್ಟರೆ ಒಂದರ ಬೆನ್ನಿಗೇ ಇನ್ನೊಂದು ಶುರುವಾಗುತ್ತದೆ, ಮೊದಲನೆಯದು ತಪ್ಪಿದರೂ ಎರಡನೆಯದು ಸಿಗುತ್ತದೆ.

ಕೂಗಿದರೂ ಕೇಳಿಸದಿದ್ದಾಗ

ಎಲ್ಲವೂ ಸರಿಯಿದ್ದು, ದನಿ ಕಿವಿಯ ತಮಟೆಯನ್ನು ತಟ್ಟಿದರೂ ಮನಸ್ಸಿಗೆ ತಲುಪದಿರುವುದುಂಟು. ಕಣ್ಣು ಮತ್ತು ಬುದ್ಧಿ ಕಠಿಣವಾದ ಕೆಲಸದಲ್ಲಿ ಮುಳುಗಿದ್ದಾಗ ಕಿವಿಗೆ ಬಿದ್ದದ್ದು ಅರಿವಿಗೆ ಬಾರದೆ ಹೋಗುವುದು ಮನುಷ್ಯರ ಸಹಜ ಮಿತಿ, ಅಜಾಗರೂಕತೆಯಲ್ಲ. ಗೆಳೆಯರ ಕೈ ಹಿಡಿಯಲು ಹೆಣಗುತ್ತಿರುವಾಗ, ತಿರುಗುತ್ತಿರುವ ದೇಹವನ್ನು ಸ್ಥಿರಗೊಳಿಸಲು ಒದ್ದಾಡುತ್ತಿರುವಾಗ, ಎಚ್ಚರಿಕೆ ಅತ್ಯಂತ ಬೇಕಾದ ಆ ಗಳಿಗೆಯಲ್ಲೇ ಅದು ಕೇಳಿಸದೆ ಹೋಗುವ ಸಂಭವ ಹೆಚ್ಚು. ಇದಕ್ಕೆ ಮದ್ದು ದನಿಯನ್ನು ಒಂದು ಕ್ರಿಯೆಗೆ ಜೋಡಿಸುವುದು. ಜಿಗಿತದ ಮುನ್ನ ನೆಲದ ಮೇಲೆ ಮಾಡುವ ತಾಲೀಮಿನಲ್ಲಿ ಒಬ್ಬರು ನಿಜವಾದ ಸಾಧನದ ದನಿಯನ್ನು ಹೊರಡಿಸಲಿ, ಉಳಿದವರು ಅದನ್ನು ಕೇಳಿದೊಡನೆ ಮಾಡುತ್ತಿದ್ದುದನ್ನು ಬಿಟ್ಟು ಮಣಿಕಟ್ಟು ನೋಡಿ, ತಿರುಗಿ, ದೂರ ಸರಿಯಲಿ. ಹತ್ತು ಬಾರಿ ಹೀಗೆ ಮಾಡಿದ ದೇಹ ದನಿಗೆ ತಾನಾಗಿ ಹೊರಳುತ್ತದೆ. ಜೊತೆಗೆ, ದನಿಗಾಗಿ ಕಾಯದೆ, ಪ್ರತಿ ಕೆಲಸ ಮುಗಿದಾಗಲೊಮ್ಮೆ ಮಾಪಕವನ್ನು ನೋಡುವ ರೂಢಿ ಇರಲಿ. ಜೊತೆಗಾರರು ತಿರುಗಿ ಸರಿಯತೊಡಗಿದರೆ ನಿಮ್ಮ ಆಡಿಬಲ್ ಏನೇ ಹೇಳಲಿ, ಹೇಳದಿರಲಿ, ನೀವೂ ಸರಿಯಬೇಕು.

ಇಳಿದ ಮೇಲೆ ದನಿ ಕೇಳಿಸಲಿಲ್ಲವೆಂದು ಅನ್ನಿಸಿದರೆ ಮುಂದಿನ ಸರದಿಗೆ ಹೆಸರು ಕೊಡುವ ಮುನ್ನ ಹೆಲ್ಮೆಟ್ ತೆಗೆದು, ಸಾಧನವನ್ನು ಮುಟ್ಟದೆ, ಅದು ಜೇಬಿನಲ್ಲಿ ಎಲ್ಲಿ ಹೇಗೆ ಕುಳಿತಿದೆ ಎಂಬುದನ್ನು ಮೊದಲು ನೋಡಿ. ಆಮೇಲೆ ಬ್ಯಾಟರಿಯ ಸೂಚಕ. ನಾಲ್ಕು ಸಾವಿರ ಮೀಟರ್ ಮೇಲೆ ನೆಲಕ್ಕಿಂತ ಸುಮಾರು 26 ಡಿಗ್ರಿ ಸೆಲ್ಸಿಯಸ್ ಹೆಚ್ಚು ಚಳಿಯಿರುವುದರಿಂದ, ನೆಲದ ಮೇಲೆ ಹೇಗೋ ಕೂಗುವ ಹಳೆಯ ಬಟನ್ ಸೆಲ್ ಮೇಲೆ ಸೋತಿರಬಹುದು. ಜಿಗಿತದ ವಿವರ ದಾಖಲಿಸುವ ಸಾಧನವಾದರೆ ಪ್ಯಾರಾಚೂಟ್ ತೆರೆದ ಎತ್ತರವನ್ನು ನಿಮ್ಮ ಎಚ್ಚರಿಕೆಗಳ ಎತ್ತರದೊಂದಿಗೆ ಹೋಲಿಸಿ. ಎರಡನೆಯ ಎಚ್ಚರಿಕೆಗಿಂತ ಮೇಲೆಯೇ ತೆರೆದಿದ್ದರೆ ಅದು ಕೂಗುವ ಪ್ರಸಂಗವೇ ಬಂದಿರಲಿಲ್ಲ. ಲಾಗ್‌ಬುಕ್ಕಿನಲ್ಲಿ ಭಂಗಿ, ಹೆಲ್ಮೆಟ್, ಸಾಧನ ಇದ್ದ ಕಡೆ, ಕೇಳಿಸಿದ ಎಚ್ಚರಿಕೆಗಳು ಎಷ್ಟು ಎಂದು ಒಂದು ಸಾಲು ಬರೆಯಿರಿ. ಇಪ್ಪತ್ತು ಜಿಗಿತಗಳಾದ ಮೇಲೆ ಆ ಸಾಲುಗಳನ್ನು ಒಟ್ಟಿಗೆ ಓದಿದರೆ ದನಿ ತಪ್ಪಿಹೋಗುತ್ತಿರುವುದು ಹೆಲ್ಮೆಟ್ಟಿನಲ್ಲೋ, ಭಂಗಿಯಲ್ಲೋ, ಕಿವಿಯಲ್ಲೋ ಎಂಬುದು ಕಾಣಿಸತೊಡಗುತ್ತದೆ.